ದೂರ ಹೋದರೂ ಕುಗ್ಗದ, ಚದುರದ ಅಲೆ: ಫಾರ್ವರ್ಡ್ ಹೇಳುವುದರಲ್ಲಿ ಎಷ್ಟು ನಿಜ?

‘ಸ್ಕೇಲಾರ್ ಎನರ್ಜಿ’ ಪೆಂಡೆಂಟ್ ಮಾರುವ ಸಂದೇಶಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಈ ಅಲೆ ಎಷ್ಟು ಕಾಲ ಕಳೆದರೂ, ಎಷ್ಟು ದೂರ ಹೋದರೂ ಕುಗ್ಗುವುದಿಲ್ಲ, ಚದುರುವುದೂ ಇಲ್ಲ. ಕೊರಳಿಗೆ ಹಾಕಿಕೊಂಡರೆ ಮೈ ಸುತ್ತ ನಿಂತುಬಿಡುತ್ತದೆ. ಶುಗರ್, ಬಿಪಿ, ಮಂಡಿನೋವು ಎಲ್ಲಕ್ಕೂ ಒಳ್ಳೆಯದು. ಇದರ ದಾಯಾದಿ ಎನ್ನಬಹುದಾದ ಇನ್ನೊಂದು ವಾದವೂ ಓಡಾಡುತ್ತಿರುತ್ತದೆ: ಹಳೆಯ ದೇವಸ್ಥಾನಗಳಲ್ಲಿ ಕಂಬಗಳನ್ನು ಸಮದೂರದಲ್ಲಿ ನಿಲ್ಲಿಸಿರುವುದರಿಂದ ಅಲ್ಲಿ ಹೇಳಿದ ಮಂತ್ರದ ಅಲೆ ಕಂಬಗಳ ನಡುವೆ ಸಿಕ್ಕಿಕೊಂಡು ನೂರಾರು ವರ್ಷ ಉಳಿಯುತ್ತದೆ. ಕೊನೆಗೆ, ‘ಇದನ್ನು ವಿಜ್ಞಾನವೂ ಒಪ್ಪಿದೆ’.

ವಿಜ್ಞಾನ ಒಪ್ಪಿರುವುದು ಏನನ್ನು? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಏಕೆಂದರೆ ಈ ಫಾರ್ವರ್ಡ್‌ಗಳು ಪೂರಾ ಗಾಳಿಯಲ್ಲಿ ಹುಟ್ಟಿದವಲ್ಲ. ಚದುರದೆ ಸಾಗುವ ಅಲೆ ನಿಜವಾಗಿಯೂ ಇದೆ. 1834ರಲ್ಲೇ ಒಬ್ಬರು ಅದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಸಮದೂರದಲ್ಲಿ ಸಾಲಾಗಿ ಜೋಡಿಸಿದ ವಸ್ತುಗಳ ನಡುವೆ ಅಂಥ ಅಲೆ ಒಂದೇ ಕಡೆ ನಿಲ್ಲಬಲ್ಲದು ಎಂಬುದೂ ನಿಜ. ಆದರೆ ಅದಕ್ಕೆ ಕಟ್ಟುನಿಟ್ಟಿನ ಷರತ್ತುಗಳಿವೆ. ಅವುಗಳಲ್ಲಿ ದೊಡ್ಡದು ಸ್ಥಿರತೆಯ ಷರತ್ತು: ಸ್ವಲ್ಪ ತಟ್ಟಿದರೂ ಅದು ಉಳಿಯಬೇಕು. ಫಾರ್ವರ್ಡ್‌ಗಳು ಬಿಟ್ಟುಬಿಡುವುದು ಈ ಷರತ್ತುಗಳನ್ನೇ.

ಅವಸರದಲ್ಲಿರುವವರಿಗೆ ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಚದುರದ ಅಲೆ: ನಿಜ, ಷರತ್ತಿನ ಮೇಲೆ. ಎಂದೂ ಕುಗ್ಗದ ಅಲೆ: ಸುಳ್ಳು. ಪೆಂಡೆಂಟಿನ ಅಲೆ: ಸುಳ್ಳು, ಜೊತೆಗೆ ಅಪಾಯವೂ ಇರಬಹುದು. ಕಾರಣ ಬೇಕಾದವರು ಮುಂದೆ ಓದಿ.

ಅಲೆ ಯಾಕೆ ಚದುರುತ್ತದೆ?

ನಂಜನಗೂಡಿನ ಸ್ನಾನಘಟ್ಟದಲ್ಲಿ ನಿಂತು ಕಪಿಲೆಗೆ ಒಂದು ಕಲ್ಲು ಎಸೆದರೆ ಬಳೆಯಂಥ ಅಲೆಗಳು ಏಳುತ್ತವೆ, ಅಗಲವಾಗುತ್ತವೆ, ಸ್ವಲ್ಪ ಹೊತ್ತಿನಲ್ಲಿ ಕಾಣದಾಗುತ್ತವೆ. ಇಲ್ಲಿ ನಡೆಯುವುದು ಒಂದು ಕೆಲಸವಲ್ಲ, ಮೂರು. ಬಳೆ ದೊಡ್ಡದಾದಂತೆ ಅಷ್ಟೇ ಶಕ್ತಿ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಎರಡನೆಯದಾಗಿ, ಆ ಒಂದು ಅಲೆ ಎಂದು ನಾವು ಕರೆಯುವುದರೊಳಗೆ ಉದ್ದದ, ಚಿಕ್ಕದ ಹಲವು ಅಲೆಗಳು ಸೇರಿಕೊಂಡಿರುತ್ತವೆ, ಒಂದೊಂದರ ವೇಗ ಒಂದೊಂದು. ಮೂರನೆಯದು, ನೀರಿನ ಒಳತಿಕ್ಕಾಟದಲ್ಲಿ ಶಕ್ತಿ ಸ್ವಲ್ಪ ಸ್ವಲ್ಪವೇ ಶಾಖವಾಗುತ್ತದೆ.

ಎರಡನೆಯದನ್ನು ಜಾತ್ರೆಗೆ ಹೊರಟ ಗುಂಪಿಗೆ ಹೋಲಿಸಬಹುದು. ಕಳಲೆಯಿಂದ ನಂಜನಗೂಡಿನ ದೊಡ್ಡ ಜಾತ್ರೆಗೆ ನಲವತ್ತು ಜನ ಒಟ್ಟಿಗೆ ನಡೆದು ಹೊರಟರು ಎನ್ನಿ. ಹುಡುಗರು ಮುಂದೆ ಓಡುತ್ತಾರೆ, ಮಂಡಿನೋವಿನ ಅಜ್ಜಿ ಹಿಂದೆ ಉಳಿಯುತ್ತಾರೆ. ದೇವಸ್ಥಾನ ತಲುಪುವ ಹೊತ್ತಿಗೆ ಗುಂಪು ಉದ್ದದ ಸಾಲಾಗಿರುತ್ತದೆ. ಯಾರೂ ಮನೆಗೆ ವಾಪಸಾಗಿಲ್ಲ, ನಲವತ್ತು ಜನವೂ ದಾರಿಯಲ್ಲೇ ಇದ್ದಾರೆ, ಆದರೆ ಗುಂಪು ಎಂಬುದು ಇಲ್ಲ. ಇದು ಚದುರುವುದು. ದಾರಿಯಲ್ಲಿ ಒಬ್ಬೊಬ್ಬರೇ ನೆಂಟರ ಮನೆಗೆ ನುಸುಳಿಕೊಂಡು ಜನವೇ ಕಮ್ಮಿಯಾದರೆ ಅದು ಕುಗ್ಗುವುದು. ಚದುರುವುದು ಬೇರೆ, ಕುಗ್ಗುವುದು ಬೇರೆ. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ನಾಲೆಯ ದಂಡೆಯಲ್ಲಿ ಕುದುರೆ ಓಡಿಸಿದವರು

1834ರ ಆಗಸ್ಟ್. ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿಯ ಯೂನಿಯನ್ ನಾಲೆಯಲ್ಲಿ ಕುದುರೆಗಳು ಎಳೆಯುತ್ತಿದ್ದ ದೋಣಿಯೊಂದು ತಟ್ಟನೆ ನಿಂತಿತು. ದೋಣಿಯ ಮೂತಿಯಲ್ಲಿ ಗುಡ್ಡೆಯಾಗಿದ್ದ ನೀರು ಮಾತ್ರ ನಿಲ್ಲಲಿಲ್ಲ. ಒಂದೇ ಒಂದು ನುಣುಪಾದ ದಿಬ್ಬವಾಗಿ ಮುಂದಕ್ಕೆ ಹೊರಟಿತು. ನೋಡುತ್ತಿದ್ದ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಕುದುರೆ ಹತ್ತಿ ಅದರ ಬೆನ್ನು ಹಿಡಿದರು. ದಿಬ್ಬ ಸುಮಾರು 30 ಅಡಿ ಉದ್ದ, ಒಂದರಿಂದ ಒಂದೂವರೆ ಅಡಿ ಎತ್ತರ, ಗಂಟೆಗೆ 13-14 ಕಿಲೋಮೀಟರ್ ವೇಗ. ಒಂದೆರಡು ಮೈಲಿ ಹೋದ ಮೇಲೆ ನಾಲೆಯ ತಿರುವುಗಳಲ್ಲಿ ಅದು ಕಣ್ಮರೆಯಾಯಿತು. ಅಷ್ಟು ಹೊತ್ತಿಗೆ ಅದರ ಎತ್ತರ ತಗ್ಗಿತ್ತು ಎಂದು ರಸೆಲ್ ಅವರೇ ಬರೆದಿದ್ದಾರೆ. ‘ಅಮರ ಅಲೆ’ಯ ಮೂಲಪುರುಷನೂ ಅಮರವಾಗಿರಲಿಲ್ಲ!

ಆ ಕಾಲದ ದೊಡ್ಡ ಗಣಿತಜ್ಞರು ಇದನ್ನು ಸುಲಭವಾಗಿ ನಂಬಲಿಲ್ಲ. 1895ರಲ್ಲಿ ಕೋರ್ಟೆವೆಗ್ ಮತ್ತು ಡಿ ವ್ರೀಸ್ ಎಂಬ ಡಚ್ ಗಣಿತಜ್ಞರು ಇದರ ಸಮೀಕರಣ ಬರೆದರು. 1965ರಲ್ಲಿ ಝಬುಸ್ಕಿ ಮತ್ತು ಕ್ರುಸ್ಕಲ್ ಇಂಥ ಅಲೆಗೆ ‘ಸಾಲಿಟಾನ್’ ಎಂದು ಹೆಸರಿಟ್ಟರು. ಒಂಟಿ ಅಲೆ ಎಂದುಕೊಳ್ಳಿ.

ಅದು ಚದುರದಿರುವ ಗುಟ್ಟೇನು? ಹಗ್ಗದ ಮಂಚ ನೆನಪಿಸಿಕೊಳ್ಳಿ. ಅದರ ಮೇಲೊಂದು ಗೋಲಿ ಇಟ್ಟರೆ ಹಗ್ಗಕ್ಕೆ ಗೊತ್ತೇ ಆಗುವುದಿಲ್ಲ. ದಪ್ಪ ಆಸಾಮಿ ಕೂತರೆ ಹಗ್ಗ ಜಗ್ಗಿ ಗುಳಿ ಬೀಳುತ್ತದೆ, ಅಕ್ಕಪಕ್ಕದಲ್ಲಿದ್ದವರೂ ಆ ಗುಳಿಯ ಕಡೆಗೇ ಜಾರುತ್ತಾರೆ. ಬಲವಾದ ಅಲೆಯೂ ಹೀಗೆಯೇ ತಾನು ಸಾಗುವ ಮಾಧ್ಯಮವನ್ನು ಬದಲಾಯಿಸುತ್ತದೆ, ತನಗೇ ಒಂದು ಗುಳಿ ತೋಡಿಕೊಳ್ಳುತ್ತದೆ. ಚದುರಲು ಹೊರಟ ಭಾಗಗಳನ್ನು ಆ ಗುಳಿ ಮತ್ತೆ ಒಳಕ್ಕೆ ಎಳೆಯುತ್ತದೆ. ಎಳೆತ ಮತ್ತು ಚದುರುವಿಕೆ ಸರಿಸಮವಾದರೆ ಸಾಲಿಟಾನ್. ಹೀಗೆ ಅಲೆಯ ಬಲಕ್ಕೆ ತಕ್ಕಂತೆ ಗುಣ ಬದಲಿಸುವ ಮಾಧ್ಯಮಕ್ಕೆ ‘ಅರೇಖೀಯ’ ಎನ್ನುತ್ತಾರೆ. ಗಮನಿಸಬೇಕಾದದ್ದು: ಗೋಲಿಯಷ್ಟು ಹಗುರ ಅಲೆಗೆ ಗುಳಿ ಬೀಳುವುದಿಲ್ಲ. ಬಲ ಸಾಲದ ಅಲೆ ಎಲ್ಲ ಅಲೆಗಳಂತೆ ಚದುರಿಯೇ ಹೋಗುತ್ತದೆ.

ಸಾಲು ಕಂಬ, ನವಿಲುಗರಿ, ಗಾಜಿನ ಎಳೆ

ಇನ್ನು ‘ಸಮದೂರದ ಕಂಬಗಳ’ ಮಾತು. ಕಳಲೆ ಮೈಸೂರು ಅರಸರ ದಳವಾಯಿಗಳ ಊರು. ಆ ಮನೆತನದ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ್ದು ಎನ್ನುವ ಕಲ್ಲಿನ ಸೇತುವೆ ನಂಜನಗೂಡಿನಲ್ಲಿ ಕಪಿಲೆಯ ಮೇಲಿದೆ. ಮುಂದೆ ಅದರ ಮೇಲೆ ರೈಲೂ ಓಡಿತು. ದಡದಿಂದ ದಡಕ್ಕೆ ಕಮಾನುಗಳ ಸಾಲು, ನೀರಿನೊಳಗೆ ಕಂಬಗಳ ಸಾಲು.

ನದಿ ಹರಿಯುವುದು ಸೇತುವೆಗೆ ಅಡ್ಡಲಾಗಿ, ಸರಿ. ಆದರೆ ಒಂದು ದಡದಿಂದ ಇನ್ನೊಂದು ದಡದ ಕಡೆಗೆ, ಕಂಬಗಳ ಸಾಲಿನುದ್ದಕ್ಕೂ ಹೊರಟ ಸಣ್ಣ ಅಲೆಯೊಂದನ್ನು ಊಹಿಸಿಕೊಳ್ಳಿ. ಪ್ರತಿ ಕಂಬಕ್ಕೂ ತಾಗಿ ಅದರ ಸ್ವಲ್ಪ ಪಾಲು ಹಿಂದಿರುಗುತ್ತದೆ. ಸಾಮಾನ್ಯವಾಗಿ ಈ ಹಿಂದಿರುಗಿದ ಚೂರುಗಳು ಒಂದರ ಹೆಜ್ಜೆ ಒಂದಕ್ಕೆ ಕೂಡದೆ ಅಳಿಸಿಹೋಗುತ್ತವೆ. ಆದರೆ ಕಂಬಗಳ ನಡುವಿನ ದೂರ ಅಲೆಯುದ್ದದ ಸರಿಯಾಗಿ ಅರ್ಧವಿದ್ದರೆ? ಆಗ ಎಲ್ಲ ಚೂರುಗಳೂ ಕೋಲಾಟದವರ ಹಾಗೆ ಒಂದೇ ತಾಳಕ್ಕೆ ವಾಪಸು ಬರುತ್ತವೆ. ಆ ಅಲೆಗೆ ಸಾಲಿನೊಳಗೆ ಪ್ರವೇಶವಿಲ್ಲ. ಅದಕ್ಕಿಂತ ಸಾಕಷ್ಟು ಉದ್ದದ ಅಲೆ, ಚಿಕ್ಕ ಅಲೆ ಸಲೀಸಾಗಿ ದಾಟುತ್ತವೆ. ಹೀಗೆ ಪ್ರವೇಶವಿಲ್ಲದ ಅಲೆಗಳ ವ್ಯಾಪ್ತಿಯನ್ನು ನಾವು ಇಲ್ಲಿ ‘ನಿಷಿದ್ಧ ಪಟ್ಟಿ’ ಎನ್ನೋಣ.

ಇದನ್ನು ನೀವು ದಿನವೂ ನೋಡುತ್ತೀರಿ. ಹೊಲದಲ್ಲಿ ಓಡಾಡುವ ನವಿಲಿನ ಗರಿಯ ನೀಲಿ-ಹಸಿರು ಬರೀ ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯೊಳಗೆ ಮೆಲನಿನ್ ಎಂಬ ಕಪ್ಪು ವಸ್ತುವಿನ ಅತಿಸಣ್ಣ ಕಡ್ಡಿಗಳು ಸಮದೂರದಲ್ಲಿ ಜೋಡಿಸಿಕೊಂಡಿವೆ. ಯಾವ ಬಣ್ಣ ಆ ಸಾಲಿನ ನಿಷಿದ್ಧ ಪಟ್ಟಿಯಲ್ಲಿದೆಯೋ ಅದು ಒಳಹೋಗಲಾರದೆ ಹಿಂದಿರುಗುತ್ತದೆ, ನಮ್ಮ ಕಣ್ಣಿಗೆ ಬೀಳುತ್ತದೆ.

ಸಾಲುಬದ್ಧ ಮಾಧ್ಯಮದಲ್ಲಿ ಬೆಳಕಿನ ನಡೆಯ ಬಗ್ಗೆ ನಮ್ಮ ರಾಜ್ಯಕ್ಕೆ ಹಳೆಯ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935-36ರಲ್ಲಿ ಒಂದು ಸರಣಿ ಲೇಖನ ಬರೆದರು. ದ್ರವದೊಳಗೆ ಕಿವಿಗೆ ಕೇಳದಷ್ಟು ಕೀಚಲು ಶಬ್ದ ಹಾಯಿಸಿದರೆ ದ್ರವ ಒತ್ತಾಗಿ, ತೆಳುವಾಗಿ, ಒತ್ತಾಗಿ, ತೆಳುವಾಗಿ ಪಟ್ಟೆಪಟ್ಟೆಯಾಗುತ್ತದೆ. ಆ ಪಟ್ಟೆಗಳ ಮೂಲಕ ಹಾದ ಬೆಳಕು ಹೇಗೆ ಹಲವು ಕವಲುಗಳಾಗಿ ಒಡೆಯುತ್ತದೆ ಎಂಬುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ರಾಮನ್-ನಾಥ್ ಸಿದ್ಧಾಂತವೆಂದು ಅದು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ಅದೇ ಸಂಸ್ಥೆಯಲ್ಲಿ ಪ್ರೊ. ಎಸ್. ಅಶೋಕನ್ ಅವರ ತಂಡ ಬಹುಕಾಲ ಕೆಲಸ ಮಾಡಿದ್ದು ಇನ್ನೊಂದು ಸಾಲುಬದ್ಧ ವಸ್ತುವಿನ ಮೇಲೆ: ಫೈಬರ್ ಬ್ರ್ಯಾಗ್ ಗ್ರೇಟಿಂಗ್. ಕೂದಲಿನಷ್ಟು ತೆಳ್ಳನೆಯ ಗಾಜಿನ ಎಳೆಯೊಳಗೆ ಅತಿನೇರಳೆ ಬೆಳಕಿನಿಂದ ಅರ್ಧ ಮೈಕ್ರಾನಿಗೆ ಒಂದರಂತೆ ಬರೆದ ಪಟ್ಟೆಗಳಿವು. ಒಂದು ಸೆಂಟಿಮೀಟರಿನಲ್ಲಿ 18,000ಕ್ಕೂ ಹೆಚ್ಚು. ಎಳೆ ಸ್ವಲ್ಪ ಹಿಗ್ಗಿದರೂ, ಬಿಸಿಯಾದರೂ ಪಟ್ಟೆಗಳ ನಡುವಿನ ದೂರ ಬದಲಾಗಿ, ಹಿಂದಿರುಗುವ ಬಣ್ಣವೂ ಬದಲಾಗುತ್ತದೆ. ಅದನ್ನು ಅಳೆದರೆ ಅದೇ ಸೆನ್ಸರ್. ಇದರಲ್ಲಿ ಓಡುವುದು ಮಂದ ಬೆಳಕು, ಹಗ್ಗದ ಮಂಚದ ಮೇಲಿನ ಗೋಲಿ. ಅದೇ ಪಟ್ಟೆಗಳೊಳಗೆ ದಪ್ಪ ಆಸಾಮಿಯನ್ನು ಬಿಟ್ಟರೆ ಏನಾಗುತ್ತದೆ ಎಂಬುದು ಮುಂದಿನ ಕಥೆ.

ಮುಚ್ಚಿದ ಬಾಗಿಲಿನೊಳಗೆ ನಿಲ್ಲುವ ಅಲೆ

ಬೆಳಕು ತೀರಾ ಪ್ರಖರವಾದರೆ ಗಾಜಿನ ವಕ್ರೀಭವನಾಂಕವೇ ಒಂದಿಷ್ಟು ಹೆಚ್ಚುತ್ತದೆ. ಹೆಚ್ಚಿದಲ್ಲಿ ನಿಷಿದ್ಧ ಪಟ್ಟಿ ಪಕ್ಕಕ್ಕೆ ಸರಿಯುತ್ತದೆ. ಅಂದರೆ, ಪ್ರವೇಶವಿಲ್ಲದ ಬಣ್ಣದ ಬೆಳಕು ತಾನಿರುವ ಜಾಗದಲ್ಲಿ ಮಾತ್ರ ಬಾಗಿಲು ತೆರೆದುಕೊಳ್ಳುತ್ತದೆ. ಮುಂದೆಯೂ ಹಿಂದೆಯೂ ಬಾಗಿಲು ಹಾಕಿಯೇ ಇರುತ್ತದೆ. ಒಳಗಿದ್ದದ್ದು ಹೊರಹೋಗುವಂತಿಲ್ಲ. ಇದು ‘ಗ್ಯಾಪ್ ಸಾಲಿಟಾನ್’. ಅಮೆರಿಕದ ಚೆನ್ ಮತ್ತು ಮಿಲ್ಸ್ 1987ರಲ್ಲಿ ಇದರ ಲೆಕ್ಕ ಕೊಟ್ಟರು. 1996ರಲ್ಲಿ ಬೆಲ್ ಲ್ಯಾಬ್ಸ್‌ನ ಎಗಲ್ಟನ್, ಸ್ಲಷರ್ ಮತ್ತು ಸಂಗಡಿಗರು ಬ್ರ್ಯಾಗ್ ಗ್ರೇಟಿಂಗ್‌ನಲ್ಲಿ, ನಿಷಿದ್ಧ ಪಟ್ಟಿಯ ಅಂಚಿನಲ್ಲಿ, ಇದರ ಹತ್ತಿರದ ಸಂಬಂಧಿಯನ್ನು ಪ್ರಯೋಗದಲ್ಲೇ ಕಂಡರು. 2006ರಲ್ಲಿ ಸಿಡ್ನಿಯ ತಂಡ 10 ಸೆಂಟಿಮೀಟರ್ ಗ್ರೇಟಿಂಗ್‌ನಲ್ಲಿ ಬೆಳಕಿನ ಮಿಡಿತವನ್ನು ಹೆಚ್ಚು ಅಗಲವಾಗದಂತೆ 1.6 ನ್ಯಾನೋಸೆಕೆಂಡ್ ತಡಮಾಡಿಸಿತು. ಮಾಮೂಲಿ ಗಾಜಿನ ಎಳೆಯಲ್ಲಿ ಆ 10 ಸೆಂಟಿಮೀಟರ್ ದಾಟಲು ಬೆಳಕಿಗೆ ಸುಮಾರು ಅರ್ಧ ನ್ಯಾನೋಸೆಕೆಂಡ್ ಸಾಕು.

ಇದಕ್ಕಿಂತ ವಿಚಿತ್ರವಾದದ್ದು ಜರ್ಮನಿಯ ಕಾನ್‌ಸ್ಟಾಂಝ್‌ನಲ್ಲಿ 2004ರಲ್ಲಿ ನಡೆಯಿತು. ಸತ್ಯೇಂದ್ರನಾಥ ಬೋಸ್ ಅವರ ಹೆಸರು ಹೊತ್ತ ಬೋಸ್-ಐನ್‌ಸ್ಟೈನ್ ಸಾಂದ್ರಣದ ಸ್ಥಿತಿಯಲ್ಲಿ, ಒಂದನ್ನೊಂದು ದೂರ ತಳ್ಳುವ ರುಬಿಡಿಯಂ ಪರಮಾಣುಗಳನ್ನು ಲೇಸರ್ ಬೆಳಕಿನ ಪಟ್ಟೆಗಳ ನಡುವೆ ಬಿಟ್ಟರು. ತಳ್ಳಾಟದಿಂದ ಅವು ಚೆಲ್ಲಾಪಿಲ್ಲಿಯಾಗಬೇಕಿತ್ತು. ಆಗಲಿಲ್ಲ, ಗುಂಪಾಗಿಯೇ ಉಳಿದವು. ಕಾರಣ, ಸಾಲಿನೊಳಗೆ ಪಟ್ಟಿಯ ಅಂಚಿನ ಹತ್ತಿರ ಅಲೆಗಳ ನಡವಳಿಕೆ ತಲೆಕೆಳಗಾಗುತ್ತದೆ. ಮುಂದೆ ತಳ್ಳಿದರೆ ಹಿಂದೆ ಸರಿಯುವ ಆಸಾಮಿಯಂತೆ, ತೂಕವೇ ಮೈನಸ್ ಇದ್ದಂತೆ. ಹಾಗಾಗಿ ಪರಸ್ಪರ ತಳ್ಳುವುದೇ ಇಲ್ಲಿ ಪರಸ್ಪರ ಹಿಡಿದಿಡುವುದಾಗುತ್ತದೆ. ಬರೀ ಜಾಗದಲ್ಲಿ ಇದು ಸಾಧ್ಯವಿಲ್ಲ, ಸಾಲು ಬೇಕೇಬೇಕು.

ಅಂದಮೇಲೆ ಫಾರ್ವರ್ಡ್ ಸರಿಯೇ ಅಲ್ಲವೇ? ಸಾಲು ಕಂಬಗಳ ನಡುವೆ ಅಲೆ ನಿಂತುಬಿಡಬಹುದಲ್ಲ?

ಇರುವುದು ಬೇರೆ, ನಿಲ್ಲುವುದು ಬೇರೆ

ಇಲ್ಲಿ ಅಳಗುಳಿ ಮಣೆ ತೆಗೆಯೋಣ. ಮಣೆಯ ಗುಳಿಯೊಳಗೆ ಒಂದು ಹುಣಸೆ ಬೀಜ ಹಾಕಿ, ಬೆರಳಿನಿಂದ ಮೆಲ್ಲಗೆ ತಟ್ಟಿ. ಅಲುಗಾಡಿ ಮತ್ತೆ ತಳಕ್ಕೇ ಬರುತ್ತದೆ. ಈಗ ಎರಡು ಗುಳಿಗಳ ನಡುವಿನ ಏಣಿನ ಮೇಲೆ ಬೀಜವನ್ನು ನಿಲ್ಲಿಸಿ. ಉಸಿರು ಬಿಗಿಹಿಡಿದು ಪ್ರಯತ್ನಿಸಿದರೆ ನಿಲ್ಲಿಸಬಹುದು. ಆದರೆ ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರೂ ಸಾಕು, ಬಿದ್ದುಹೋಗುತ್ತದೆ. ಎರಡೂ ಕಡೆ ಬೀಜ ‘ನಿಂತಿದೆ’ ಎನ್ನುವುದು ಲೆಕ್ಕದ ದೃಷ್ಟಿಯಿಂದ ಸರಿ. ನಿಜ ಜೀವನದಲ್ಲಿ ಕಾಣಸಿಗುವುದು ಮೊದಲನೆಯದು ಮಾತ್ರ.

ಒಂಟಿ ಅಲೆಗಳ ವಿಷಯದಲ್ಲೂ ಇದೇ ಪ್ರಶ್ನೆ. ಸಮೀಕರಣ ಬಿಡಿಸಿದಾಗ ಆಕಾರ ಕೆಡದ ಅಲೆಯೊಂದು ಸಿಕ್ಕಿತು ಎಂದರೆ ಅದು ‘ಇದೆ’ ಎಂದಷ್ಟೇ ಆಯಿತು. ಅದನ್ನು ಸ್ವಲ್ಪ ತಟ್ಟಿದಾಗ, ಅಂದರೆ ಆಕಾರದಲ್ಲಿ, ಬಲದಲ್ಲಿ, ಜಾಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಮಾಡಿದಾಗ, ಆ ವ್ಯತ್ಯಾಸ ಬೆಳೆಯುತ್ತದೆಯೇ, ಇದ್ದಷ್ಟೇ ಇರುತ್ತದೆಯೇ? ಬೆಳೆದರೆ ಆ ಅಲೆ ಅಸ್ಥಿರ. ಪ್ರಕೃತಿ ತಟ್ಟದೆ ಬಿಡುವುದಿಲ್ಲ. ಶಾಖದ ನಡುಕ, ವಸ್ತುವಿನ ಸಣ್ಣ ದೋಷ, ಏನೋ ಒಂದು ಇದ್ದೇ ಇರುತ್ತದೆ. ಆದ್ದರಿಂದ ಈ ಕ್ಷೇತ್ರದಲ್ಲಿ ಹೆಚ್ಚಿನ ಪರಿಶ್ರಮ ಹೋಗಿರುವುದು ಅಲೆ ಹುಡುಕುವುದಕ್ಕಿಂತ ಅದರ ಸ್ಥಿರತೆ ಪರೀಕ್ಷಿಸುವುದಕ್ಕೆ ಎಂದರೂ ತಪ್ಪಾಗಲಾರದು.

ಅಳಗುಳಿ ಮಣೆಗೆ ತೀರಾ ಹತ್ತಿರದ ಪ್ರಯೋಗವೇ ಇದೆ. ಬೆಳಕು ಹರಿಯುವ ಸಣ್ಣ ಕಾಲುವೆಗಳನ್ನು ಪಕ್ಕಪಕ್ಕದಲ್ಲಿ, ಒಂದರ ಬೆಳಕು ಇನ್ನೊಂದಕ್ಕೆ ಸೋರುವಷ್ಟು ಹತ್ತಿರ, ಸಾಲಾಗಿ ಕೊರೆಯುತ್ತಾರೆ. ಮಂದ ಬೆಳಕನ್ನು ಒಂದು ಕಾಲುವೆಗೆ ಬಿಟ್ಟರೆ ಗದ್ದೆಯಿಂದ ಗದ್ದೆಗೆ ನೀರು ಹಾಯುವ ಹಾಗೆ ಎಲ್ಲ ಕಾಲುವೆಗಳಿಗೂ ಹರಡುತ್ತದೆ. ಪ್ರಖರ ಬೆಳಕು ಬಿಟ್ಟರೆ ಬಿಟ್ಟ ಕಡೆಯೇ ಉಳಿಯುತ್ತದೆ. ಕ್ರಿಸ್ಟೊಡೌಲಿಡಿಸ್ ಮತ್ತು ಜೋಸೆಫ್ 1988ರಲ್ಲಿ ಲೆಕ್ಕದಲ್ಲಿ ಹೇಳಿದ್ದನ್ನು ಹತ್ತು ವರ್ಷದ ಮೇಲೆ, 1998ರಲ್ಲಿ, ಐಸೆನ್‌ಬರ್ಗ್, ಸಿಲ್ಬರ್‌ಬರ್ಗ್ ಮತ್ತಿತರರು ಪ್ರಯೋಗದಲ್ಲಿ ತೋರಿಸಿದರು.

ಈ ಸಾಲಿನಲ್ಲಿ ಒಂಟಿ ಅಲೆ ಎರಡು ಬಗೆಯಲ್ಲಿ ಕೂರಬಹುದು. ಒಂದು ಕಾಲುವೆಯನ್ನೇ ನಡು ಮಾಡಿಕೊಂಡು, ಅಕ್ಕಪಕ್ಕ ಮಂದವಾಗಿ. ಅಥವಾ ಎರಡು ಕಾಲುವೆಗಳ ನಡುವೆ, ಎರಡರಲ್ಲೂ ಸಮ ಪ್ರಖರವಾಗಿ. ಎರಡೂ ಸಮೀಕರಣಕ್ಕೆ ಒಪ್ಪಿಗೆ. ಮೊದಲನೆಯದು ಗುಳಿಯೊಳಗಿನ ಬೀಜ, ಸ್ಥಿರ. ಎರಡನೆಯದು ಏಣಿನ ಮೇಲಿನ ಬೀಜ, ಅಸ್ಥಿರ. ಚೂರು ತಟ್ಟಿದರೆ ಒಂದು ಪಕ್ಕಕ್ಕೆ ಉರುಳುತ್ತದೆ. ನಡುವಿನ ಏಣಿನ ಎತ್ತರಕ್ಕೆ ಪೈಯರ್ಲ್ಸ್-ನಬಾರೊ ತಡೆ ಎಂದು ಹೆಸರು. ಅಲೆ ಬಲವಾದಷ್ಟೂ, ಒಂದೇ ಕಾಲುವೆಗೆ ಒತ್ತಾದಷ್ಟೂ ಈ ಏಣು ಎತ್ತರವಾಗುತ್ತದೆ. ಅಂದರೆ ಗಟ್ಟಿಯಾಗಿ ನಿಂತ ಅಲೆ ಊರೂರು ಸುತ್ತಲಾರದು. ಸಲೀಸಾಗಿ ಸುತ್ತುವ ಅಲೆ ಅಗಲವಾಗಿ, ಹಗುರವಾಗಿ ಹಬ್ಬಿಕೊಂಡಿರುತ್ತದೆ. ಒಂದೇ ಪೆಂಡೆಂಟ್ ಮೈಗೆ ಅಂಟಿಕೊಂಡೂ ಇರುತ್ತದೆ, ಮನೆಯವರಿಗೆಲ್ಲ ಅಲೆ ಕಳಿಸುತ್ತಲೂ ಇರುತ್ತದೆ ಎಂಬ ಮಾತು ಓದಿದಾಗ ನಮಗೆ ನೆನಪಾದದ್ದು ಈ ತಡೆ.

ಗ್ಯಾಪ್ ಸಾಲಿಟಾನಿನ ಪರೀಕ್ಷೆ ಇನ್ನೂ ಸ್ವಾರಸ್ಯ. 1987ರ ಲೆಕ್ಕ ಬಂದು ಹನ್ನೊಂದು ವರ್ಷದ ಮೇಲೆ, 1998ರಲ್ಲಿ, ಬರಾಶೆಂಕೋವ್, ಪೆಲಿನೋವ್‌ಸ್ಕಿ ಮತ್ತು ಜೆಮ್ಲ್ಯಾನಯ ಇದರ ಮಾದರಿ ಸಮೀಕರಣಗಳನ್ನು ಕೂಲಂಕಷವಾಗಿ ತಟ್ಟಿ ನೋಡಿದರು. ನಿಷಿದ್ಧ ಪಟ್ಟಿಯ ಒಂದು ಅಂಚಿನಿಂದ ಸರಿಸುಮಾರು ನಡುವಿನವರೆಗೆ ಅಲೆ ಸ್ಥಿರ. ನಡು ದಾಟಿದರೆ ಕಥೆ ಬೇರೆ: ಸಣ್ಣ ತೂಗಾಟ ಶುರುವಾಗುತ್ತದೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ಅದು ಬೆಳೆಯುತ್ತದೆ, ಕೊನೆಗೆ ಅಲೆ ತನ್ನ ಆಕಾರ ಕಳೆದುಕೊಳ್ಳುತ್ತದೆ. ಸಮೀಕರಣ ‘ಇದೆ’ ಎಂದ ಕುಟುಂಬದಲ್ಲಿ ಅರ್ಧದಷ್ಟು ಮಂದಿ ಪರೀಕ್ಷೆಯಲ್ಲಿ ನಪಾಸು.

ಸೋವಿಯತ್ ವಿಜ್ಞಾನಿಗಳಾದ ವಾಖಿತೋವ್ ಮತ್ತು ಕೊಲೊಕೊಲೋವ್ 1973ರಲ್ಲಿ ಕೊಟ್ಟ ಒಂದು ಸರಳ ಪರೀಕ್ಷೆಯೂ ಇದೆ. ಅಲೆ ತೋಡಿಕೊಂಡ ಗುಳಿ ಆಳವಾಗಬೇಕಾದರೆ ಅಲೆಯ ಒಟ್ಟು ಶಕ್ತಿ ಹೆಚ್ಚಬೇಕೋ, ಕಮ್ಮಿಯಾಗಬೇಕೋ ಎಂದು ಕೇಳಿ. ಹೆಚ್ಚಬೇಕೆಂದರೆ ಒಳ್ಳೆಯ ಲಕ್ಷಣ: ತಾನಾಗಿ ಕುಸಿಯಲು ಅಲೆಯ ಬಳಿ ಬಂಡವಾಳ ಸಾಲದು. ಕಮ್ಮಿ ಸಾಕೆಂದರೆ ಕುಸಿತಕ್ಕೆ ದಾರಿ ತೆರೆದಂತೆ. ಸಾಲುಬದ್ಧ ಮಾಧ್ಯಮದಲ್ಲಿ ಈ ಒಂದು ಪರೀಕ್ಷೆಯಲ್ಲಿ ಪಾಸಾದರೆ ಸಾಲುವುದಿಲ್ಲ, ಮೇಲೆ ಹೇಳಿದ ತೂಗಾಟದ ಪರೀಕ್ಷೆಯೂ ಇರುತ್ತದೆ.

ಉದ್ದ, ಅಗಲ ಎರಡು ದಿಕ್ಕಿನಲ್ಲೂ ಹರಡಬಲ್ಲ ಬೆಳಕಿನ ಕಟ್ಟಂತೂ ಇನ್ನೂ ನಾಜೂಕು. ಸಮತಟ್ಟು ಗಾಜಿನಲ್ಲಿ ಅದರ ಬಲ ಚೂರು ಕಮ್ಮಿಯಾದರೆ ಹರಡಿಹೋಗುತ್ತದೆ, ಚೂರು ಹೆಚ್ಚಾದರೆ ತನ್ನೊಳಗೇ ಕುಸಿಯುತ್ತದೆ. ಅಲ್ಲಿ ಪಟ್ಟೆಗಳ ಜಾಲ ಹಾಕಿದರೆ ಆ ಜಾಲವೇ ಊರುಗೋಲಾಗುತ್ತದೆ. 2003ರಲ್ಲಿ ಫ್ಲೈಶರ್, ಸೆಗೆವ್ ಮತ್ತು ಜೊತೆಗಾರರು ಇಂಥ ಎರಡು ದಿಕ್ಕಿನ ಜಾಲದಲ್ಲಿ ಒಂಟಿ ಅಲೆ ತೋರಿಸಿದರು.

ಸ್ಥಿರವಾದರೂ ಕುಗ್ಗುತ್ತದೆ

ಈಗ ಜಾತ್ರೆಯ ಗುಂಪಿಗೆ ಬರೋಣ. ಒಂಟಿ ಅಲೆ ಚದುರುವುದಿಲ್ಲ, ಸರಿ. ಕುಗ್ಗುತ್ತದೆಯೇ? ಖಂಡಿತ. ನಿಮ್ಮ ಫೋನಿಗೆ ಈ ಬರಹ ಬಂದ ದಾರಿಯನ್ನೇ ನೋಡಿ. ಅದರಲ್ಲಿ ಬಹುಪಾಲು ಗಾಜಿನ ಎಳೆ. ಒಳ್ಳೆಯ ಎಳೆಯಲ್ಲಿ ಬೆಳಕು ಪ್ರತಿ ಕಿಲೋಮೀಟರಿಗೆ ಸುಮಾರು 0.2 ಡೆಸಿಬಲ್ ಕುಗ್ಗುತ್ತದೆ. 15 ಕಿಲೋಮೀಟರಿಗೆ ಅರ್ಧ, 100 ಕಿಲೋಮೀಟರಿಗೆ ನೂರರಲ್ಲಿ ಒಂದು ಪಾಲು. ಮೈಸೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್ ಹೋದರೆ ಸಾವಿರದಲ್ಲಿ ಒಂದೆರಡು ಪಾಲು ಉಳಿದೀತು. ಅದಕ್ಕೇ ದಾರಿಯಲ್ಲಿ ಆಂಪ್ಲಿಫೈಯರ್ ಇಟ್ಟಿರುತ್ತಾರೆ.

ಗಾಜಿನ ಎಳೆಯಲ್ಲಿ ಸಾಲಿಟಾನ್ ಓಡಿಸಬಹುದೆಂದು ಹಸೆಗಾವ ಮತ್ತು ಟ್ಯಾಪರ್ಟ್ 1973ರಲ್ಲಿ ಹೇಳಿದರು, 1980ರಲ್ಲಿ ಮೋಲನೊಯರ್ ತಂಡ ಓಡಿಸಿಯೂ ತೋರಿಸಿತು. ಸಾಲಿಟಾನಿಗೂ ಕುಗ್ಗುವಿಕೆಯಿಂದ ವಿನಾಯಿತಿ ಇಲ್ಲ. ಶಕ್ತಿ ಕುಗ್ಗಿದಂತೆ ಗುಳಿ ಆಳ ಕಳೆದುಕೊಳ್ಳುತ್ತದೆ, ಅಲೆ ಅಗಲವಾಗುತ್ತದೆ, ಕೊನೆಗೆ ಗೋಲಿಯಂತೆ ಹಗುರವಾಗಿ ಮಾಮೂಲಿ ಅಲೆಗಳ ಸಾಲಿಗೆ ಸೇರುತ್ತದೆ. (‘ಇಂಟರ್‌ನೆಟ್ ಓಡುವುದೇ ಸಾಲಿಟಾನ್ ಮೇಲೆ’ ಎಂಬುದೂ ಸರಿಯಲ್ಲ. ಇಂದಿನ ಬಹುಪಾಲು ಜಾಲಗಳು ಬೆಳಕಿನ ಚದುರುವಿಕೆಯನ್ನು ಆಮೇಲೆ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತವೆ.)

ಕಂಬಗಳ ನಡುವಿನ ದನಿ

ದೇವಸ್ಥಾನದ ಮಾತಿಗೆ ಈ ಅಳತೆಗೋಲುಗಳನ್ನು ಹಿಡಿಯೋಣ. ಮಾತನಾಡುವ ದನಿ ಸುಮಾರು 60 ಡೆಸಿಬಲ್ ಎಂದುಕೊಂಡರೆ ಅದು ಗಾಳಿಯ ಒತ್ತಡದಲ್ಲಿ ಮಾಡುವ ಏರಿಳಿತ 0.02 ಪ್ಯಾಸ್ಕಲ್. ಗಾಳಿಯ ಒತ್ತಡವೇ ಒಂದು ಲಕ್ಷ ಪ್ಯಾಸ್ಕಲ್‌ಗಿಂತ ತುಸು ಹೆಚ್ಚು. ಅಂದರೆ ಐವತ್ತು ಲಕ್ಷದಲ್ಲಿ ಒಂದು ಪಾಲು. ಹಗ್ಗದ ಮಂಚದ ಮೇಲೆ ಇದು ಗೋಲಿಯೂ ಅಲ್ಲ, ಸಾಸಿವೆ ಕಾಳು. ಗುಳಿ ಬೀಳದ ಕಡೆ ಒಂಟಿ ಅಲೆ ಹುಟ್ಟುವುದಿಲ್ಲ. ಕಂಬಗಳು ಎಷ್ಟೇ ಸಮದೂರದಲ್ಲಿದ್ದರೂ ಅಷ್ಟೇ. ಕಲ್ಲಿನ ಮಂಟಪದಲ್ಲಿ ದನಿ ಗಂಭೀರವಾಗಿ ಮೊಳಗುವುದು ನಿಜ, ಕಲ್ಲು ಶಬ್ದವನ್ನು ಬಹಳ ಕಡಿಮೆ ಹೀರುತ್ತದೆ. ಆ ಮೊಳಗು ಕೆಲವು ಸೆಕೆಂಡುಗಳಲ್ಲಿ ಆರುತ್ತದೆ. ಪ್ರತಿಧ್ವನಿಗೇ ಹೆಸರಾದ ವಿಜಯಪುರದ ಗೋಳಗುಮ್ಮಟದಲ್ಲೂ ಒಂದು ಚಪ್ಪಾಳೆ ಏಳೆಂಟು ಸಲ ಮರಳಿ ಕೇಳಿ ಮುಗಿಯುತ್ತದೆ. ಮಂತ್ರದ ಶ್ರದ್ಧೆ ಅವರವರಿಗೆ ಬಿಟ್ಟದ್ದು, ಅದಕ್ಕೆ ಸಾಲಿಟಾನಿನ ಸಾಕ್ಷಿ ಬೇಕಿಲ್ಲ.

ಪೆಂಡೆಂಟ್‌ನಲ್ಲಿ ಇರುವುದೇನು?

‘ಸ್ಕೇಲಾರ್ ಅಲೆ’ ಎಂಬ ಪದ ಭೌತಶಾಸ್ತ್ರದಲ್ಲಿದೆ, ಆದರೆ ಅದರಲ್ಲಿ ಪವಾಡವಿಲ್ಲ. ಪ್ರತಿ ಬಿಂದುವಿನಲ್ಲೂ ದಿಕ್ಕಿಲ್ಲದ ಒಂದು ಸಂಖ್ಯೆಯಿಂದ ಹೇಳಬಹುದಾದ ಅಲೆ ಅಷ್ಟೇ. ಗಾಳಿಯಲ್ಲಿನ ಶಬ್ದದ ಒತ್ತಡ ಅಂಥದ್ದು. ಅದು ಚದುರುತ್ತದೆ, ಕುಗ್ಗುತ್ತದೆ, ಬಾಗಿಲು ಹಾಕಿದರೆ ಕಮ್ಮಿಯೂ ಆಗುತ್ತದೆ.

ಇನ್ನು ಬಲದ ಷರತ್ತು. ದೂರಸಂಪರ್ಕದ ಗಾಜಿನ ಎಳೆಯ ಸೂಜಿಮೊನೆಯಂಥ ನಡುಭಾಗಕ್ಕೆ ಇಡೀ ಒಂದು ವಾಟ್ ಬೆಳಕು ತುಂಬಿದರೂ ಗಾಜಿನ ವಕ್ರೀಭವನಾಂಕ ಬದಲಾಗುವುದು ಸಾವಿರ ಕೋಟಿಯಲ್ಲಿ ಮೂರು ಪಾಲಿನಷ್ಟು. ಅದಕ್ಕೇ ಗ್ಯಾಪ್ ಸಾಲಿಟಾನಿನ ಪ್ರಯೋಗಗಳಿಗೆ ಕ್ಷಣಾರ್ಧದ, ಅತಿ ಪ್ರಖರ ಲೇಸರ್ ಮಿಡಿತಗಳು ಬೇಕಾಗುತ್ತವೆ. ಬ್ಯಾಟರಿಯೂ ಇಲ್ಲದ ಬಿಲ್ಲೆಯೊಂದಕ್ಕೆ ಆ ಬಲ ಎಲ್ಲಿಂದ ಬರಬೇಕು? ಮೈ ಸುತ್ತಲಿನ ಗಾಳಿಯಲ್ಲಿ ಪಟ್ಟೆಗಳ ಸಾಲನ್ನು ಯಾರು ಬರೆದರು? ಅರೇಖೀಯತೆ, ಸಾಲು, ಸ್ಥಿರತೆ, ಕುಗ್ಗಿದ ಶಕ್ತಿಯನ್ನು ತುಂಬಿಕೊಡುವ ಮೂಲ: ಒಂದೂ ಇಲ್ಲ.

ಆದರೂ ಕೆಲವು ಪೆಂಡೆಂಟ್‌ಗಳನ್ನು ಉಪಕರಣದ ಮುಂದೆ ಹಿಡಿದರೆ ಮುಳ್ಳು ಅಲುಗಾಡುತ್ತದೆ, ‘ಅಯಾನು ಬರುತ್ತಿದೆ ನೋಡಿ’ ಎಂದು ವಿಡಿಯೋ ಮಾಡಿ ಹಾಕುತ್ತಾರೆ. ಇದೇ ಎಚ್ಚರಿಕೆಯ ಗಂಟೆ. 2021ರ ಡಿಸೆಂಬರಿನಲ್ಲಿ ನೆದರ್‌ಲೆಂಡ್ಸ್‌ನ ಪರಮಾಣು ಸುರಕ್ಷತೆ ಮತ್ತು ವಿಕಿರಣ ರಕ್ಷಣಾ ಪ್ರಾಧಿಕಾರ ಇಂಥ ಹತ್ತು ವಸ್ತುಗಳನ್ನು ಹೆಸರಿಸಿ ಎಚ್ಚರಿಕೆ ಕೊಟ್ಟಿತು. 5ಜಿಯಿಂದ ಕಾಪಾಡುತ್ತವೆ, ಶಕ್ತಿ ಕೊಡುತ್ತವೆ ಎಂದು ಮಾರುತ್ತಿದ್ದ ಪೆಂಡೆಂಟ್‌ಗಳು, ಕೈಪಟ್ಟಿ, ಮಲಗುವಾಗ ಕಣ್ಣಿಗೆ ಕಟ್ಟುವ ಪಟ್ಟಿ, ಮಕ್ಕಳ ಕೈಪಟ್ಟಿ ಕೂಡ ಅದರಲ್ಲಿದ್ದವು. ಅವುಗಳಲ್ಲಿ ವಿಕಿರಣಶೀಲ ವಸ್ತುಗಳಿದ್ದು ಅಯಾನೀಕರಿಸುವ ವಿಕಿರಣ ಹೊರಬರುತ್ತಿತ್ತು. ಪ್ರಮಾಣ ಕಡಿಮೆಯೇ. ಆದರೆ ಹಗಲೂ ರಾತ್ರಿ, ವರ್ಷಗಟ್ಟಲೆ ಚರ್ಮಕ್ಕೆ ತಾಗಿಸಿಕೊಂಡಿದ್ದರೆ ಹಾನಿಯಾಗುವ ಸಾಧ್ಯತೆ ಇದೆ ಎಂದಿತು ಪ್ರಾಧಿಕಾರ. ಮೊಬೈಲಿನ 5ಜಿ ಅಲೆ ಅಯಾನೀಕರಿಸುವ ಬಗೆಯದ್ದೇ ಅಲ್ಲ. ಇಲ್ಲದ ಅಪಾಯಕ್ಕೆ ಹೆದರಿ ಇರುವ ಅಪಾಯವನ್ನು ಕೊರಳಿಗೆ ಕಟ್ಟಿಕೊಂಡ ಹಾಗಾಯಿತು.

ಎಲ್ಲ ಪೆಂಡೆಂಟ್‌ಗಳಲ್ಲೂ ವಿಕಿರಣ ವಸ್ತು ಇದೆ ಎಂದು ನಾವು ಹೇಳುತ್ತಿಲ್ಲ. ಬರೀ ಬಣ್ಣ ಹಚ್ಚಿದ ಗಾಜೋ ಲೋಹವೋ ಆಗಿರುವವೂ ಇರಬಹುದು. ನೋಡಿ ಗುರುತಿಸಲು ಮನೆಯಲ್ಲಿ ದಾರಿಯಿಲ್ಲ. ಆ ಹತ್ತು ವಸ್ತುಗಳನ್ನು ಕೊಂಡವರಿಗೆ ಡಚ್ ಪ್ರಾಧಿಕಾರ ಹೇಳಿದ್ದು ಇಷ್ಟು: ಇನ್ನು ಮುಂದೆ ಧರಿಸಬೇಡಿ, ಸುರಕ್ಷಿತವಾಗಿ ಎತ್ತಿಡಿ, ಹಿಂದಿರುಗಿಸುವ ಸೂಚನೆಗೆ ಕಾಯಿರಿ. ನಿಮ್ಮ ಮನೆಯಲ್ಲಿ ಅಜ್ಜಿಯ ಕೊರಳಲ್ಲೋ ಮಗುವಿನ ಕೈಯಲ್ಲೋ ಇಂಥದ್ದಿದ್ದರೆ ಇವತ್ತೇ ತೆಗೆದು, ಮಕ್ಕಳ ಕೈಗೆ ಸಿಗದ ಕಡೆ, ಯಾರೂ ಮಲಗದ ಕೋಣೆಯಲ್ಲಿ ಎತ್ತಿಡಿ; ಒಡೆಯಲು, ಪುಡಿ ಮಾಡಲು ಹೋಗಬೇಡಿ. ಅದನ್ನು ನಂಬಿ ಶುಗರ್ ಅಥವಾ ಬಿಪಿ ಮಾತ್ರೆ ಬಿಟ್ಟವರಿದ್ದರೆ ತಡಮಾಡದೆ ವೈದ್ಯರನ್ನು ಕಂಡು, ಅವರ ಸಲಹೆಯಂತೆ ಮಾತ್ರೆ ಮತ್ತೆ ಶುರುಮಾಡಲಿ.